ಊರಿಗೆ ಫೈಬರ್ ಬಂದಿದೆ, ಹಾಕಿಸಲಾ ಬೇಡವಾ? ಹಳೇ ಲೈನ್ ಹೇಗೋ ನಡೀತಿದೆ

ಮೂಲೆಮನೆ:

ನಮ್ಮದು ಚಿಕ್ಕ ಊರು, ಅದರಲ್ಲೂ ನಮ್ಮ ಮನೆ ಊರಿನ ಕೊನೆ. ಇಷ್ಟು ವರ್ಷ ಇಂಟರ್ನೆಟ್ ಅಂದರೆ ಲ್ಯಾಂಡ್‌ಲೈನ್ ಮೇಲೆ ಬರುವ ಡಿಎಸ್‌ಎಲ್, ಇಲ್ಲವಾದರೆ ಮೊಬೈಲ್ ಹಾಟ್‌ಸ್ಪಾಟ್, ಅದೂ ಫೋನನ್ನು ಮಹಡಿಯ ಕಿಟಕಿಯಲ್ಲಿ ಇಟ್ಟರೆ ಮಾತ್ರ. ಎರಡು ವಾರದಿಂದ ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ ಎಳೆಯುತ್ತಿದ್ದಾರೆ. ನಿನ್ನೆ ಒಬ್ಬರು ಬಂದು 300 ಎಂಬಿಪಿಎಸ್ ಅಂತ ದಪ್ಪಕ್ಷರದಲ್ಲಿ ಬರೆದ ಚೀಟಿ ಕೊಟ್ಟು ಹೋದರು.

ನನಗೆ ಈಗ ಡೌನ್‌ಲೋಡ್ 4 ಬರುತ್ತದೆ, ಅಪ್‌ಲೋಡ್ ಅರ್ಧ. ಅರ್ಧ ಅಂದರೆ 4ರ ಅರ್ಧ ಅಲ್ಲ, 0.5. ಬೆಳಿಗ್ಗೆ ಪರವಾಗಿಲ್ಲ. ಸಂಜೆ ಮಗಳು ಕ್ಲಾಸಿಗೆ ಕೂತರೆ ನಾನು ಆಫೀಸ್ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡಲೇಬೇಕು, ಆದರೂ ಎದುರಿನವರಿಗೆ ನನ್ನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದಂತೆ. ಅಭ್ಯಾಸ ಆಗಿಬಿಟ್ಟಿದೆ, ಹಾಗಾಗಿ ಕೆಟ್ಟಿದೆ ಅಂತಲೂ ಅನಿಸುವುದಿಲ್ಲ.

ಅನುಮಾನ ಏನಂದರೆ, ಊರೆಲ್ಲ ಹಾಕಿಸಿದ ಮೇಲೂ ಆ 300 ಉಳಿಯುತ್ತದಾ? ಮನೆ ಉದ್ದ, ಗೋಡೆ ದಪ್ಪ, ಮುಂದಿನ ಕೋಣೆಯ ವೈಫೈ ಹಿಂದಿನ ಕೋಣೆಗೆ ಈಗಲೇ ತಲುಪುವುದಿಲ್ಲ. ಅಪ್ಪನದು ಬೇರೆ ತಕರಾರು, ಕರೆಂಟ್ ಹೋದಾಗಲೂ ಲ್ಯಾಂಡ್‌ಲೈನ್ ನಡೆಯುತ್ತದೆ, ಅದನ್ನು ತೆಗೆಸಬೇಡ ಅಂತ ಹಟ. ಗೆಳೆಯನೊಬ್ಬ ಸ್ಯಾಟಲೈಟ್ ಬರಲಿ ತಡಿ ಅನ್ನುತ್ತಾನೆ. ತಿಳಿದವರು ಹೇಳಿ.

ಕಂಬದಕಾಗೆ:

ಕೇಬಲ್ ಕೆಲಸದಲ್ಲಿ ಇದ್ದವನು ನಾನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಿಮಗೆ 4 ಬರುತ್ತಿರುವುದು ಯಾರೋ ಕಡಿಮೆ ಕೊಡುತ್ತಿದ್ದಾರೆ ಅಂತ ಅಲ್ಲ, ನಿಮ್ಮ ಮನೆ ದೂರ ಇದೆ ಅಂತ. ಎಡಿಎಸ್‌ಎಲ್2 ಪ್ಲಸ್ ಅನ್ನುವ ಡಿಎಸ್‌ಎಲ್ ಬಗೆಗೆ ಕಾಗದದ ಮೇಲೆ 24 ಎಂಬಿಪಿಎಸ್. ಅದು ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದ ಮನೆಗೆ ಸಿಗುತ್ತದೆ. ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ದೂರ ಹೋದಷ್ಟೂ ಸಿಗ್ನಲ್ ಸೊರಗುತ್ತದೆ, ನಾಲ್ಕೈದು ಕಿಲೋಮೀಟರ್ ಆಚೆ ಎರಡು ಮೂರು ಸಿಕ್ಕರೆ ಅದೇ ಪುಣ್ಯ. ಊರು ಚಿಕ್ಕದಾದಷ್ಟೂ ಮನೆಗಳು ದೂರ ದೂರ ಇರುತ್ತವೆ, ಅದಕ್ಕೇ ನಮ್ಮಂಥ ಕಡೆ ಯಾವತ್ತೂ ಇದೇ ಗೋಳು. ಫೈಬರ್‌ಗೆ ಈ ದೂರದ ಲೆಕ್ಕ ಇಲ್ಲ ಅಂತಲ್ಲ, ಆದರೆ 20 ಕಿಲೋಮೀಟರ್ ತನಕ ಅದು ಕ್ಯಾರೇ ಅನ್ನುವುದಿಲ್ಲ.

ಈಗ ಹಂಚಿಕೆ. ಜಿಪಾನ್ ಅಂತ ಒಂದು ಪದ್ಧತಿ, ಹೆಚ್ಚಿನ ಕಡೆ ಅದೇ ಇರುವುದು. ಕಂಪನಿ ಕಡೆಯಿಂದ ಒಂದು ಗಾಜಿನ ಎಳೆ ಹೊರಟು ಕಂಬದ ಮೇಲಿನ ಡಬ್ಬಿಯಲ್ಲಿ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗೆ ಒಡೆಯುತ್ತದೆ. ಆ ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಫ್ಯಾನ್ ಬೇಡ, ಸುಮ್ನೆ ಗಾಜು, ಬೆಳಕನ್ನು ಪಾಲು ಮಾಡುತ್ತದೆ ಅಷ್ಟೇ. ಇಡೀ ಗುಂಪಿಗೆ ಬರುವುದು ಸುಮಾರು 2.5 ಜಿಬಿಪಿಎಸ್, ಅಂದರೆ 2,500 ಎಂಬಿಪಿಎಸ್, ವಾಪಸ್ ಹೋಗುವುದು 1.25. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೂ ತಲೆಗೆ 78 ಎಂಬಿಪಿಎಸ್ ಆಯಿತು, ನಿಮ್ಮ 4ರ ಮುಂದೆ. ಯಾರೂ ಹಾಗೆ ಎಳೆಯುವುದಿಲ್ಲ ಅನ್ನಿ, ಒಂದು 4ಕೆ ವಿಡಿಯೋಗೆ 15ರಿಂದ 25 ಸಾಕು. ಸಂಜೆ ನಿಜವಾಗಿ ನಿಧಾನ ಆದರೆ ಅದು ಈ ಎಳೆಯಿಂದ ಅಲ್ಲ. ಊರಿನಿಂದ ಆಚೆ ಹೋಗುವ ದೊಡ್ಡ ಲೈನನ್ನು ಕಂಪನಿ ಚಿಕ್ಕದಾಗಿ ಕೊಂಡಿರುತ್ತದೆ, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲೇ ಹಾಕಿಸಿಕೊಂಡವರ ಮನೆಗೆ ರಾತ್ರಿ ಒಂಬತ್ತು ಗಂಟೆಗೆ ಹೋಗಿ ಸ್ಪೀಡ್ ಟೆಸ್ಟ್ ಮಾಡಿ ನೋಡಿ, ಚೀಟಿ ನೋಡಬೇಡಿ.

ವಿಷಯಕ್ಕೆ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. 1966ರಲ್ಲಿ ಚಾರ್ಲ್ಸ್ ಕಾವ್ ಈ ಗಾಜಿನ ಎಳೆಯಲ್ಲಿ ಮಾತು ಕಳಿಸಬಹುದು ಅಂದಾಗ ಅವರು ಇಟ್ಟುಕೊಂಡ ಗುರಿ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟ. ಅಂದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಸಾಕು ಅಂತ. ಈಗಿನ ಒಳ್ಳೆ ಎಳೆಯಲ್ಲಿ 95 ಪಾಲು ಉಳಿಯುತ್ತದೆ. ಆ ಮನುಷ್ಯನಿಗೆ ನೊಬೆಲ್ ಬಂದಿದ್ದು 2009ರಲ್ಲಿ.

ರಾತ್ರಿಬ್ಯಾಕಪ್:

ಎಲ್ಲರೂ 300 ಹಿಂದೆ ಬಿದ್ದಿದ್ದೀರಿ. ಇವರ ರೋಗ ಇರುವುದು 0.5ರಲ್ಲಿ.

ನಮ್ಮ ಮನೆಯಲ್ಲೂ ಹೀಗೇ ಇತ್ತು. ದಿನಾ ಸಂಜೆ ಏಳಕ್ಕೆ ಕಾಲ್ ಕಟ್ ಆಗುವುದು. ರೂಟರ್ ಬದಲಾಯಿಸಿದೆ, ವೈರ್ ಬದಲಾಯಿಸಿದೆ, ಕಸ್ಟಮರ್ ಕೇರ್‌ನವರ ಜತೆ ಜಗಳ ಆಡಿದೆ. ಕೊನೆಗೆ ಗೊತ್ತಾಗಿದ್ದು, ನನ್ನ ಹೆಂಡತಿ ಆಫೀಸಿನಿಂದ ಬಂದು ಫೋನ್ ಚಾರ್ಜಿಗೆ ಇಟ್ಟ ತಕ್ಷಣ ಆ ದಿನದ ಫೋಟೋ ಎಲ್ಲ ಬ್ಯಾಕಪ್ ಆಗಲು ಶುರು. ಅಪ್‌ಲೋಡ್ ದಾರಿ ತುಂಬಿದರೆ ರೂಟರ್ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ಸಣ್ಣ ತುಂಡುಗಳನ್ನು, ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ನಿಮ್ಮ ಮಾತು ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ, ಎದುರಿನವರಿಗೆ ಎರಡು ಮೂರು ಸೆಕೆಂಡ್ ಬಿಟ್ಟು ತಲುಪುತ್ತದೆ. ಡೌನ್‌ಲೋಡ್ ಖಾಲಿ ಇದ್ದರೂ ಅಷ್ಟೇ, ಯಾಕಂದರೆ ಬಂದದ್ದಕ್ಕೆ ರಸೀದಿ ಹೋಗುವುದೂ ಅದೇ ದಾರಿಯಲ್ಲಿ.

ಹಾಗಾಗಿ ಬಂದವರನ್ನು ಒಂದೇ ಮಾತು ಕೇಳಿ: ಅಪ್‌ಲೋಡ್ ಎಷ್ಟು? 300ಕ್ಕೆ 300 ಅಂದರೆ ಕಣ್ಣು ಮುಚ್ಚಿ ಹಾಕಿಸಿ. 300ಕ್ಕೆ 30 ಅಂದರೂ ನಿಮಗೆ ಅರವತ್ತು ಪಟ್ಟು ಆಯಿತು. ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ಬರೆಸಿಕೊಳ್ಳಿ.

ಎರಡನೇಲೈನ್:

ನಿಮ್ಮ ಅಪ್ಪ ಹೇಳುತ್ತಿರುವುದು ನೂರಕ್ಕೆ ನೂರು ಸರಿ. ಹಳೇ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತದೆ, ಮನೆಯಲ್ಲಿ ಕರೆಂಟ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಗಾಜಿನಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಮನೆಯಲ್ಲಿ ಹಾಕುವ ಡಬ್ಬಿ, ಅದನ್ನು ಒಎನ್‌ಟಿ ಅಂತಾರೆ, ಕರೆಂಟ್ ಹೋದರೆ ಸತ್ತ ಹಾಗೆ, ಅದಕ್ಕೆ ಸಿಕ್ಕಿಸಿದ ಫೋನೂ ಸತ್ತ ಹಾಗೆ. ಆದರೆ ಡಬ್ಬಿ, ರೂಟರ್ ಎರಡೂ ಸಾಮಾನ್ಯವಾಗಿ 12 ವೋಲ್ಟ್‌ನವು, ಸೇರಿ 15 ವ್ಯಾಟ್ ಆಸುಪಾಸು. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಇರುವ ಚಿಕ್ಕ ಯುಪಿಎಸ್ ಇಟ್ಟರೆ ಮೂರು ನಾಲ್ಕು ಗಂಟೆಗೆ ಮೋಸ ಇಲ್ಲ. ಅಡಾಪ್ಟರ್ ಮೇಲೆ ವೋಲ್ಟ್ ಓದಿಯೇ ಕೊಳ್ಳಿ.

ಗುಡುಗು ಮಳೆಯ ಕಡೆ ಇದ್ದರೆ ಇನ್ನೊಂದು ಲಾಭ. ತಾಮ್ರದ ಲೈನಿನಲ್ಲಿ ಸಿಡಿಲಿನ ಏಟು ಮೋಡೆಮ್ ತನಕ ಬರುತ್ತಿತ್ತು, ನಾನೇ ಎರಡು ಕಳೆದುಕೊಂಡಿದ್ದೇನೆ. ಫೈಬರ್‌ಗೆ ಆ ಕಾಟ ಇಲ್ಲ. ಆದರೆ ಕಂಬದಿಂದ ಬರುವ ಕೇಬಲ್ ಜತೆ ಭಾರ ಹೊರಲು ಒಂದು ಸ್ಟೀಲ್ ತಂತಿ ಇರುತ್ತದೆ, ಅದನ್ನು ಹೊರಗಡೆ ಗೋಡೆಗೇ ಕಟ್ಟಿ ಅಲ್ಲೇ ಕತ್ತರಿಸಬೇಕು, ಒಳಗೆ ತರಕೂಡದು.

ಮತ್ತೆ ಒಂದು ತಿಂಗಳು ಎರಡೂ ಲೈನ್ ಇಟ್ಟುಕೊಳ್ಳಿ. ಹೊಸದಾಗಿ ಎಳೆದ ಕಡೆ ಮೊದಲ ತಿಂಗಳು ಏನಾದರೂ ಒಂದು ಇರುತ್ತದೆ, ಲಾರಿ ಹೋಗಿ ಕೇಬಲ್ ಕೀಳುವುದು, ಡಬ್ಬಿಯೊಳಗೆ ಇರುವೆ ಸೇರುವುದು. ತಾಮ್ರವನ್ನು ಒಮ್ಮೆ ಬಿಟ್ಟರೆ ವಾಪಸ್ ಸಿಗುವುದು ಕಷ್ಟ.

ಸುಮ್ನೆಓದುವವ:

ಸ್ಯಾಟಲೈಟ್ ಬಗ್ಗೆ: ಹಳೇ ಬಗೆಯದು ಭೂಮಿಯಿಂದ 35,786 ಕಿಲೋಮೀಟರ್ ಮೇಲೆ, ಹೋಗಿ ಬರುವುದಕ್ಕೇ ಅರ್ಧ ಸೆಕೆಂಡ್, ಮಾತಾಡುವಾಗ ಇಬ್ಬರೂ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ನಿಲ್ಲಿಸುತ್ತೀರಿ. ಸ್ಟಾರ್‌ಲಿಂಕ್ ಥರದ್ದು 550 ಕಿಲೋಮೀಟರ್ ಹತ್ತಿರ, ಅದರಲ್ಲಿ ಈ ಕಷ್ಟ ಇಲ್ಲ, ಚೆನ್ನಾಗಿದೆ. ಆದರೆ ಅದು ಕಂಬವೇ ಬಾರದ ಜಾಗಕ್ಕೆ. ಕೇಬಲ್ ಬಾಗಿಲಿಗೆ ಬಂದಾಗ ಆಕಾಶ ನೋಡುತ್ತಾ ಯಾಕೆ ಕೂರುತ್ತೀರಿ?

ಹಿತ್ತಲಗಿಡ:

ಬಂದಿದ್ದಕ್ಕೆ ಖುಷಿ ಪಡಿ ಮಾರಾಯರೆ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ದೊಡ್ಡ ಕಂಪನಿಗಳು ಬರಲಿಲ್ಲ ಅಂತ ಹಳ್ಳಿಯವರೇ 2011ರಲ್ಲಿ ಬಿ4ಆರ್‌ಎನ್ ಅಂತ ಸಂಸ್ಥೆ ಕಟ್ಟಿ, ತಮ್ಮ ಹೊಲಗಳಲ್ಲಿ ತಾವೇ ಕಾಲುವೆ ತೋಡಿ ಫೈಬರ್ ಹಾಕಿಕೊಂಡರು. ಜಮೀನಿನವರು ದಾರಿ ಬಿಟ್ಟುಕೊಟ್ಟರು. ಡೌನ್‌ಲೋಡ್ ಅಪ್‌ಲೋಡ್ ಎರಡೂ 1 ಜಿಬಿಪಿಎಸ್. ಅಗೆಯುವ ಖರ್ಚೇ ಜಾಸ್ತಿ, ಗಾಜಿನದಲ್ಲ. ನಿಮಗೆ ಅಗೆಯುವ ಕೆಲಸವೂ ಇಲ್ಲ.

ಮೂಲೆಮನೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಹಾಕಿಸಿದೆ. 300ಕ್ಕೆ 300 ಅಂತ ಬರೆಸಿಕೊಂಡೆ. ಬಂದ ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿದ, ಕೂದಲಿನಷ್ಟು ಸಣ್ಣ ಎಳೆಯನ್ನು ಮಶೀನಿನಲ್ಲಿಟ್ಟು ಬೆಸುಗೆ ಹಾಕಿದ್ದನ್ನು ಮಗಳು ಮೊಬೈಲಿನಲ್ಲಿ ಹಿಡಿದಳು. ಕಾಲ್ ಸ್ವಚ್ಛವಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಗಿದೆ. ಒಎನ್‌ಟಿ ಮುಂದಿನ ಕೋಣೆಯಲ್ಲಿ, ಅಲ್ಲಿಂದ ಹಿಂದಿನ ಕೋಣೆಯ ರೂಟರ್‌ಗೆ ಮನೆಯಲ್ಲಿದ್ದ ಹಳೇ ನೆಟ್‌ವರ್ಕ್ ಕೇಬಲ್ ಎಳೆದಿದ್ದೇವೆ, ದಪ್ಪ ಗೋಡೆಗೆ ಅದೇ ಉಪಾಯ ಅಂತ. ಅಲ್ಲಿ ಸ್ಪೀಡ್ 94. ಬೆಳಿಗ್ಗೆ 94, ರಾತ್ರಿ 94, ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ವೈರ್ ಹಾಕಿದರೂ 94. ಕಂಪನಿಗೆ ಫೋನ್ ಮಾಡಿದರೆ ರೀಸ್ಟಾರ್ಟ್ ಮಾಡಿ ಅಂತಾರೆ. ಮೋಸ ಮಾಡುತ್ತಿದ್ದಾರಾ?

ಕಂಬದಕಾಗೆ:

94 ಅಂದಿದ್ದು ಒಳ್ಳೆಯದಾಯಿತು. 140 ಅಥವಾ 60 ಅಂದಿದ್ದರೆ ನಾನೂ ತಲೆ ಕೆರೆದುಕೊಳ್ಳುತ್ತಿದ್ದೆ. ಕದಲದೆ 94 ನಿಂತಿದೆ ಅಂದರೆ ಎಲ್ಲೋ ಒಂದು ಕಡೆ 100ರ ಲಿಂಕ್ ಆಗಿದೆ, ಅದರಲ್ಲಿ ಪ್ಯಾಕೆಟ್‌ಗಳ ಹೊದಿಕೆ ಕಳೆದರೆ ಕೈಗೆ ಸಿಗುವುದು ಅಷ್ಟೇ. ಕಂಪನಿಯ ತಪ್ಪಲ್ಲ.

ಆ ಹಳೇ ಕೇಬಲ್ ನೋಡಿ. ಒಳಗೆ ಎಂಟು ತಂತಿ, ನಾಲ್ಕು ಜೋಡಿ ಇರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ, ಅಂದರೆ 1000ಕ್ಕೆ, ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೇ ಒಂದು ತಂತಿ ತುಂಡಾಗಿದ್ದರೂ ಕೇಬಲ್ ಸಿಕ್ಕಿಸಿದ ಎರಡು ಕಡೆಯ ಪೋರ್ಟ್‌ಗಳು ಮಾತಾಡಿಕೊಂಡು ತೆಪ್ಪಗೆ 100ಕ್ಕೆ ಇಳಿದುಬಿಡುತ್ತವೆ, ಯಾರಿಗೂ ದೂರು ಕೊಡುವುದಿಲ್ಲ. ತಂತಿ ಎಲ್ಲ ಸರಿ ಇದ್ದರೆ ರೂಟರ್‌ನ ಪೋರ್ಟೇ 100ರದ್ದು ಇರಬಹುದು, ಹಿಂದಿನ ಚೀಟಿ ಓದಿ. ಮೊದಲು ಒಂದು ಕೆಲಸ ಮಾಡಿ, ಲ್ಯಾಪ್‌ಟಾಪನ್ನು ಮುಂದಿನ ಕೋಣೆಗೆ ಒಯ್ದು ಗಿಡ್ಡ ಹೊಸ ಕೇಬಲ್‌ನಲ್ಲಿ ನೇರ ಒಎನ್‌ಟಿಗೆ ಹಾಕಿ ನೋಡಿ.

ಹಾಗೇ ಅಲ್ಲಿ ನಿಂತಾಗ ಹಸಿರು ತಲೆಯ ಸಣ್ಣ ಕನೆಕ್ಟರ್ ಕಾಣುತ್ತದಲ್ಲ, ಅದನ್ನು ಕಿತ್ತು ನೋಡುವ ಕುತೂಹಲ ಬೇಡ. ಅದರ ತುದಿ 8 ಡಿಗ್ರಿ ಓರೆಯಾಗಿ ಉಜ್ಜಿರುತ್ತದೆ, ಒಂದು ಕಣ ಧೂಳು ಕೂತರೂ ಬೆಳಕು ಹೋಯಿತು. ಬರುವ ಬೆಳಕು ಕಣ್ಣಿಗೆ ಕಾಣುವುದೂ ಇಲ್ಲ, ಹಾಗಂತ ಇಣುಕಬಾರದು. ಎಳೆಯನ್ನು ಕುರ್ಚಿಯ ಹಿಂದೆ ಮಡಚಿ ತುರುಕಬೇಡಿ. ಒಎನ್‌ಟಿ ಮೇಲೆ ಎಲ್‌ಒಎಸ್ ಅಂತ ಕೆಂಪು ದೀಪ ಬಂದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ, ಆಗ ರೀಸ್ಟಾರ್ಟ್ ಮಾಡಿ ಏನೂ ಪ್ರಯೋಜನ ಇಲ್ಲ, ನೇರ ಫೋನ್ ಮಾಡಿ.

ರಾತ್ರಿಬ್ಯಾಕಪ್:

ನನಗೂ 94 ಬರುತ್ತಿದೆ, ಎರಡು ವರ್ಷದಿಂದ. ಪ್ಲಾನ್ 200ರದ್ದು. ಈಗ ಟೇಬಲ್ ಕೆಳಗೆ ಹೋಗಿ ಬರುತ್ತೇನೆ.

ಮೂಲೆಮನೆ:

ಸಿಕ್ಕಿತು. ಮುಂದಿನ ಕೋಣೆಯಲ್ಲಿ ನೇರ ಹಾಕಿದರೆ 305. ಬಾಗಿಲ ಸಂದಿಯಲ್ಲಿ ಕೇಬಲ್ ಹಾದು ಹೋಗುವ ಕಡೆ ದಿನಾ ಬಾಗಿಲು ಬಡಿದು ಬಡಿದು ಚಪ್ಪಟೆಯಾಗಿದೆ, ಸಿಪ್ಪೆ ಬಿಡಿಸಿ ನೋಡಿದರೆ ಕಂದು ತಂತಿ ತುಂಡು. ಬಾಗಿಲ ಮೇಲಿಂದ ಹೊಸ ಕೇಬಲ್ ಎಳೆದೆ, ಹಿಂದಿನ ಕೋಣೆಯಲ್ಲೂ ಈಗ 300 ದಾಟುತ್ತದೆ.

ಒಂದು ಚಿಕ್ಕ ಯುಪಿಎಸ್ ತಂದು ಇಟ್ಟಿದ್ದೇನೆ. ಮೊನ್ನೆ ಕರೆಂಟ್ ಹೋದಾಗ ಅಪ್ಪ ಮೊದಲು ಹೋಗಿ ಲ್ಯಾಂಡ್‌ಲೈನ್ ಎತ್ತಿ ಕಿವಿಗಿಟ್ಟು, ಡಯಲ್ ಟೋನ್ ಕೇಳಿ ಇಟ್ಟರು. ಆಮೇಲೆ ಒಎನ್‌ಟಿ ದೀಪ ಉರಿಯುತ್ತಿದೆಯಾ ಅಂತ ಬಗ್ಗಿ ನೋಡಿದರು. ಹಳೇ ಲೈನ್ ತೆಗೆಸುವ ಮಾತು ಸದ್ಯಕ್ಕೆ ನಾನು ಎತ್ತಿಲ್ಲ.

ಇನ್ನೊಂದು ಡೌಟು, ಗೇಟಿನ ಕ್ಯಾಮೆರಾ ಹೊರಗಿನಿಂದ ನೋಡಲು ಆಗುತ್ತಿಲ್ಲ. ರೂಟರ್‌ನಲ್ಲಿ ಹೊರಗಿನ ಐಪಿ ವಿಳಾಸ 100.72 ಅಂತ ಶುರುವಾಗುತ್ತದೆ.

ಎರಡನೇಲೈನ್:

ಅದು ಸಿಜಿನ್ಯಾಟ್. 100.64ರಿಂದ 100.127ರ ತನಕ ಇರುವ ವಿಳಾಸಗಳನ್ನು 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟಿದ್ದಾರೆ. ಐಪಿವಿ4 ಅನ್ನುವ ಹಳೇ ಬಗೆಯ ವಿಳಾಸ ಸಾಲದೆ ಒಂದೇ ಹೊರಗಿನ ವಿಳಾಸವನ್ನು ಹತ್ತಾರು ಮನೆಗೆ ಹಂಚಿರುತ್ತಾರೆ, ಹೊರಗಿನಿಂದ ಬಂದವನಿಗೆ ನಿಮ್ಮ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ನಿಮ್ಮ ರೂಟರ್‌ನ ಸೆಟ್ಟಿಂಗಿನಲ್ಲಿ ಹೊರಗಿನವರಿಗೆ ದಾರಿ (ಅದಕ್ಕೂ ಪೋರ್ಟ್ ಅಂತಲೇ ಹೆಸರು) ಎಷ್ಟು ತೆರೆದರೂ ವ್ಯರ್ಥ. ಹಂಚದೆ ನನಗೇ ಅಂತ ಇರುವ ಪಬ್ಲಿಕ್ ಐಪಿ ಕೊಡುತ್ತೀರಾ ಅಂತ ಕಂಪನಿಯನ್ನು ಕೇಳಿ. ಅದಕ್ಕೂ ಮೊದಲು ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸ ಆನ್ ಇದೆಯಾ ನೋಡಿ, ಕ್ಯಾಮೆರಾಗೂ ನಿಮ್ಮ ಮೊಬೈಲಿಗೂ ಅದು ಇದ್ದರೆ ಏನೂ ಕೇಳುವ ಅಗತ್ಯವೇ ಬರಲಿಕ್ಕಿಲ್ಲ. ಕ್ಯಾಮೆರಾದ ಪಾಸ್‌ವರ್ಡ್ ಮಾತ್ರ ಬದಲಾಯಿಸಿಯೇ ಇದನ್ನೆಲ್ಲ ಮಾಡಿ.

ರಾತ್ರಿಬ್ಯಾಕಪ್:

ನಂದು ನೀಲಿ ತಂತಿ.