ಜೂಜಲ್ಲಿ ಕಳೆದದ್ದನ್ನು ‘ಕಳೆಯುವುದಕ್ಕೆ’ ಯಾವ ಪದ?

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯಲ್ಲಿರುವ ನಮ್ಮ ಕಡೆಯ ಹಿರಿಯರಿಗೆ ತೆರಿಗೆ ಲೆಕ್ಕ ವಿವರಿಸಲು ಕನ್ನಡದಲ್ಲಿ ಒಂದೆರಡು ಪುಟ ಬರೆಯುತ್ತಿದ್ದೇನೆ. ಜೂಜು, ಲಾಟರಿಯ ನಷ್ಟದ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ. ‘ಡಿಡಕ್ಷನ್’ ಅನ್ನುವುದಕ್ಕೆ, ಅಂದರೆ ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಲ್ಲಿ ಒಂದು ಮೊತ್ತ ಕಳೆಯುವುದಕ್ಕೆ, ಏನು ಬರೆಯಲಿ?

ಮೊದಲು ‘ಕಳೆ’ ಅಂತ ಬರೆದೆ. ಆಗ ವಾಕ್ಯ ಹೀಗಾಯಿತು: ‘ಜೂಜಲ್ಲಿ ಕಳೆದದ್ದನ್ನು ಆದಾಯದಲ್ಲಿ ಕಳೆಯಬಹುದು.’ ಕೇಳಲು ಚೆಂದ, ಆದರೆ ಎರಡು ಕಳೆಗಳ ನಡುವೆ ಓದುವವರು ತಡವರಿಸುತ್ತಾರೆ. ಹಾಗಾಗಿ ಪತ್ರಿಕೆಗಳಲ್ಲಿ ಬರುವ ‘ವಿನಾಯಿತಿ’ ಹಾಕಿದೆ. ಅದನ್ನು ಓದಿದ ನಮ್ಮ ಸೋದರಮಾವ, ‘ಹಾಗಾದ್ರೆ ನಾಲ್ಕು ಸಾವಿರ ಹೋಗಿದ್ದಕ್ಕೆ ತೆರಿಗೇಲಿ ನಾಲ್ಕು ಸಾವಿರ ಬಿಡ್ತಾರೆ, ಅಲ್ವಾ?’ ಅಂದರು. ತಪ್ಪು ಅವರದಲ್ಲ. ಆದಾಯದಲ್ಲಿ ಕಳೆಯುವುದು, ತೆರಿಗೆಯಲ್ಲೇ ಬಿಡುವುದು, ತೆರಿಗೆಯೇ ಇಲ್ಲದಿರುವುದು, ಈ ಮೂರಕ್ಕೂ ನಾವು ವಿನಾಯಿತಿ ಅಂತಲೇ ಬರೆಯುತ್ತೇವೆ. ‘ಕಡಿತ’ ಕೂಡ ಆಗದು. ‘ತೆರಿಗೆ ಕಡಿತ’ ಅಂದರೆ ಊರಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಅಂದುಕೊಳ್ಳುತ್ತಾರೆ, ಬಜೆಟ್ ದಿನ ದರ ಇಳಿಸಿದರು ಅಂದುಕೊಳ್ಳುತ್ತಾರೆ.

ಉಳಿದದ್ದು ಎರಡು ಹಳೇ ಮಾತು: ‘ಮುರಿದುಕೊಳ್ಳು’ ಮತ್ತು ‘ವಜಾ’. ನಿಮ್ಮ ಅಭಿಪ್ರಾಯ ಬೇಕಿರುವುದು ಇಲ್ಲೇ.

ಮಾವನ ಲೆಕ್ಕವನ್ನೇ ನೋಡಿ. ಒಂದು ವರ್ಷ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊದಲ್ಲಿ 6,000 ಡಾಲರ್ ಗೆದ್ದು, ಅದೇ ವರ್ಷ 4,000 ಸೋತಿದ್ದರು. ಸೋತ ದಿನಗಳನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಟ್ಟಿದ್ದರು. ನ್ಯೂಜೆರ್ಸಿ ರಾಜ್ಯದ ಫಾರ್ಮಿನಲ್ಲಿ ಗೆಲುವಿಗೆ ಸೋಲನ್ನು ಮುರಿದು, ಉಳಿದ 2,000 ಮಾತ್ರ ತೋರಿಸಿದರೆ ಸಾಕು. ಸಾಲಕ್ಕೆ ಕೂಲಿ ಮುರಿದುಕೊಂಡ ಹಾಗೆ. ಇಲ್ಲಿ ‘ಮುರಿದುಕೊಳ್ಳು’ ಸರಿಯಾಗಿ ಕೂರುತ್ತದೆ.

ಅಮೆರಿಕದ ಕೇಂದ್ರ ಸರ್ಕಾರದ ಫಾರ್ಮಿನಲ್ಲಿ ಹಾಗಿಲ್ಲ. ಗೆದ್ದ 6,000 ಪೂರ್ತಿ ಆದಾಯಕ್ಕೆ ಸೇರಬೇಕು. ಸೋತದ್ದನ್ನು ಬೇರೆ ಕಡೆ, ಶೆಡ್ಯೂಲ್ ಎ ಅನ್ನುವ ಹಾಳೆಯಲ್ಲಿ ಬರೆಯಬೇಕು, ಅದೂ ಗೆದ್ದದ್ದಕ್ಕಿಂತ ಜಾಸ್ತಿ ಆಗದಂತೆ. ಅದರ ಬದಲು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಬಿಡಿ ಲೆಕ್ಕ ತೋರಿಸದೆ ಆದಾಯದಲ್ಲಿ ಕಳೆಯಬಹುದಾದ ನಿಗದಿತ ಮೊತ್ತ, ತೆಗೆದುಕೊಂಡವರಿಗೆ ಆ ಹಾಳೆಯೇ ಇಲ್ಲ. 2025ಕ್ಕೆ ಆ ನಿಗದಿತ ಮೊತ್ತ ಗಂಡ ಹೆಂಡತಿಗೆ ಸೇರಿ 31,500 ಡಾಲರ್; ಹಾಳೆಯ ಲೆಕ್ಕ ಅದನ್ನು ದಾಟುವುದು ಕಡಿಮೆ. ಹಾಗಾಗಿ ಹೆಚ್ಚಿನವರಿಗೆ ಸೋತದ್ದು ಸೋತದ್ದೇ. 2026ರಿಂದ ನಷ್ಟದಲ್ಲಿ 90 ಶೇಕಡಾ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಾವನ 4,000ಕ್ಕೆ 3,600. ಲಕ್ಷ ಗೆದ್ದು ಲಕ್ಷ ಸೋತವರು ಕೈಗೆ ಬಾರದ 10,000ಕ್ಕೆ ತೆರಿಗೆ ಕಟ್ಟಬೇಕು. ಇದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ.

ಇದಕ್ಕೆ ‘ಮುರಿದುಕೊಳ್ಳು’ ಅಂದರೆ ಜನ ಸುಮ್ನೆ 2,000 ಬರೆದು ಕಳಿಸುತ್ತಾರೆ. ಇಲ್ಲಿ ‘ವಜಾ’ ಬೇಕು ಅನಿಸುತ್ತದೆ. ನಮ್ಮ ತಾತನ ಅಂಗಡಿ ಲೆಕ್ಕದ ಪುಸ್ತಕದಲ್ಲಿ ಮೇಲೆ ಪೂರ್ತಿ ಮೊತ್ತ, ಅದರ ಕೆಳಗೆ ‘ವಜಾ’, ಆಮೇಲೆ ‘ಬಾಕಿ’ ಇರುತ್ತಿತ್ತು. ಮೊತ್ತವೂ ಕಾಣುತ್ತದೆ, ಕಳೆದದ್ದೂ ಕಾಣುತ್ತದೆ. ಮರಾಠಿಯಲ್ಲಿ ಕಳೆಯುವ ಲೆಕ್ಕಕ್ಕೆ ಇವತ್ತಿಗೂ ‘ವಜಾಬಾಕಿ’ ಅಂತಲೇ ಹೆಸರು.

ತೊಂದರೆ ಒಂದೇ. ಈಗ ವಜಾ ಅಂದರೆ ಕೆಲಸದಿಂದ ತೆಗೆಯುವುದು, ಅರ್ಜಿ ತಳ್ಳಿಹಾಕುವುದು. ‘ನಷ್ಟವನ್ನು ವಜಾ ಮಾಡಲಾಗಿದೆ’ ಅಂತ ಬರೆದರೆ ನಷ್ಟವನ್ನು ಒಪ್ಪಲಿಲ್ಲ ಅಂತ ಓದಿಕೊಳ್ಳಬಹುದು. ಅರ್ಥ ತಿರುಗಿಯೇ ಹೋಗುತ್ತದೆ. ಭಾರತದ ಕಾನೂನಿಗಾದರೆ ಆ ಅರ್ಥವೇ ಸರಿ: ಲಾಟರಿ ಗೆಲುವಿಗೆ ನೇರ 30 ಶೇಕಡಾ ತೆರಿಗೆ, ಟಿಕೆಟ್ಟಿನ ದುಡ್ಡು ಕೂಡ ಕಳೆಯುವಂತಿಲ್ಲ.

‘ಆದಾಯದಲ್ಲಿ ನಷ್ಟ ವಜಾ’ ಅಂತ ಬರೆದರೆ ಗೊಂದಲ ಕಡಿಮೆಯಾದೀತೇ? ಅಂಗಡಿ, ಮಂಡಿ ಲೆಕ್ಕ ಬರೆಯುವವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ನಿಮ್ಮ ಕಡೆ ‘ವಜಾ’ ಈ ಅರ್ಥದಲ್ಲಿ ಈಗಲೂ ಓಡಾಡುತ್ತಿದೆಯೇ?