ಪ್ರಶ್ನೋತ್ತರ: ಇಐಎ (ಯೋಜನೆಯಿಂದ ಪರಿಸರಕ್ಕಾಗುವ ಪರಿಣಾಮದ ಅಂದಾಜು) ನಮ್ಮಲ್ಲಿ ಹೇಗೆ, ನೆರೆದೇಶಗಳಲ್ಲಿ ಹೇಗೆ?

(ಉತ್ತರಿಸುವವರು: ವಸುಧಾ, ಪರಿಸರ ಪರಿಣಾಮ ವರದಿ ತಯಾರಿಸುವ ಸಲಹೆಗಾರ್ತಿ)

ರಘು: ಮೇಡಂ, ನಮ್ಮ ಹೊಳೆಗೆ 24.75 ಮೆಗಾವ್ಯಾಟ್ ಕಿರು ಜಲವಿದ್ಯುತ್ ಯೋಜನೆ ಬರ್ತಿದೆ. ಇಐಎ ಬೇಡವಂತೆ. ಶ್ರೀಲಂಕಾ, ಪಾಕಿಸ್ತಾನದಲ್ಲೂ ಹೀಗೇನಾ?

ವಸುಧಾ: ನಮ್ಮ 2006ರ ಇಐಎ ಅಧಿಸೂಚನೆಯಲ್ಲಿ ಪರಿಸರ ಅನುಮತಿ ಬೇಕಾದ ಯೋಜನೆಗಳ ಪಟ್ಟಿ ಇದೆ, ಜಲವಿದ್ಯುತ್ತಿಗೆ ಅದು 25 ಮೆಗಾವ್ಯಾಟ್‌ನಿಂದ ಶುರು. ಅದಕ್ಕೇ 24.75. ಶ್ರೀಲಂಕಾದ 1993ರ ಪಟ್ಟಿಯಲ್ಲಿ 50 ದಾಟಬೇಕು, ಆದರೆ ಒಂದು ಹೆಕ್ಟೇರಿಗಿಂತ ಹೆಚ್ಚು ಕಾಡು ಹೋಗುವುದಾದರೆ ಅದೇ ಬೇರೆ ಕಾರಣವಾಗಿ ಯೋಜನೆ ಪಟ್ಟಿಗೆ ಸೇರುತ್ತದೆ. ಪಾಕಿಸ್ತಾನದ 2000ದ ಫೆಡರಲ್ ನಿಯಮದಲ್ಲಿ 50ಕ್ಕಿಂತ ಮೇಲೆ ಇಐಎ, ಕೆಳಗೆ ಐಇಇ ಎಂಬ ಚಿಕ್ಕ ವರದಿ. ನಿಮ್ಮಲ್ಲಿ ಅರಣ್ಯ ಜಮೀನು ಸೇರಿದ್ದರೆ ಅರಣ್ಯ ಅನುಮತಿ ಬೇಕೇ ಬೇಕು. ಅದು ಇಐಎ ಅಲ್ಲ, ಇಐಎಯಲ್ಲಿ ಊರವರ ಆಕ್ಷೇಪ ಕೇಳಲು ನಡೆಯುವ ಅಹವಾಲು ಸಭೆಯೂ ಅದಕ್ಕೆ ಇಲ್ಲ.

ಮಂಜುನಾಥ: ಹೀಗೊಂದು ಮೆಸೇಜ್ ಬಂದಿದೆ: "ಊರಿನ ಅರ್ಧ ಜನ ಸಹಿ ಹಾಕದಿದ್ದರೆ ಅಹವಾಲು ಸಭೆ ಅಸಿಂಧು. ಎಲ್ಲ ಗುಂಪಿಗೂ ಕಳಿಸಿ." ನಿಜವಾ?

ವಸುಧಾ: ಸುಳ್ಳು. ಕೋರಂ ಅನ್ನುವುದೇ ಇಲ್ಲ, ಹತ್ತು ಜನ ಬಂದರೂ ಸಭೆ ಸಭೆಯೇ. ಇದನ್ನು ನಂಬಿ ಊರವರು ಮನೆಯಲ್ಲಿ ಕೂತರೆ ನಡಾವಳಿ ಖಾಲಿ ಹೋಗುತ್ತದೆ. ಆಕ್ಷೇಪ ಬರೆದುಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಶೈಲಜಾ: ನಮ್ಮ ತಾಲ್ಲೂಕಿನ ಗಣಿಗೆ ಇಸಿ (ಪರಿಸರ ಅನುಮತಿ) ಕೊಟ್ಟು 68 ದಿನ. ದಾಖಲೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ ಒಂದು ವಾರ. ಉತ್ತರ ಬಂದಮೇಲೆ ಹಸಿರು ನ್ಯಾಯಮಂಡಳಿಗೆ ಹೋಗೋಣ ಅಂತ. ಶ್ರೀಲಂಕಾದಲ್ಲಿ ಗಡುವೇ ಇಲ್ಲವಂತಲ್ಲ?

ವಸುಧಾ: ಶೈಲಜಾ, ಕಾಯಬೇಡಿ. ಮೇಲ್ಮನವಿಗೆ 30 ದಿನ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಇನ್ನು 60. ತೊಂಬತ್ತು ದಾಟಿತೋ, ಕಾರಣ ಎಷ್ಟೇ ದೊಡ್ಡದಿದ್ದರೂ ಮಂಡಳಿಗೆ ಮನ್ನಿಸುವ ಅಧಿಕಾರವೇ ಇಲ್ಲ. ಮಾಹಿತಿ ಅರ್ಜಿಗೆ ಉತ್ತರಿಸಲು ಅವರಿಗೆ ಇನ್ನೂ 23 ದಿನವಿದೆ. 68ಕ್ಕೆ 23 ಕೂಡಿಸಿ: 91.

ದಿನ ಎಣಿಸುವುದು ಆದೇಶ ನಿಮಗೆ "ತಿಳಿಸಿದ" ದಿನದಿಂದ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್, ಪೇಪರ್ ಜಾಹೀರಾತು, ಇವುಗಳಲ್ಲಿ ಯಾವುದು ಮೊದಲೋ ಅದು ಎಂದು ಎದುರು ವಕೀಲರು ಹಿಡಿಯುತ್ತಾರೆ. ಜಾಹೀರಾತನ್ನು ಕಂಪನಿಯವರು ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಕೊಡಬೇಕು, ಒಂದು ಕನ್ನಡದ್ದು. ಆ ದಿನಾಂಕ ಹುಡುಕಿ, ಆದರೆ ಲೆಕ್ಕ ಮಾತ್ರ ಇಸಿ ಪತ್ರದ ದಿನಾಂಕದಿಂದಲೇ ಇಟ್ಟುಕೊಳ್ಳಿ. ಇಸಿ ಪತ್ರ, ಇಐಎ ವರದಿ, ಯೋಜನೆ ಪರಿಶೀಲಿಸಿದ ಸಮಿತಿಯ ನಡಾವಳಿ ಪೋರ್ಟಲ್‌ನಲ್ಲೇ ಹುಡುಕಿ ಇಳಿಸಿಕೊಳ್ಳಿ. ಚೆನ್ನೈ ಪೀಠಕ್ಕೆ ಮೇಲ್ಮನವಿ, ಜೊತೆಗೆ ವಿಳಂಬ ಮನ್ನಾ ಅರ್ಜಿ. ಪರಿಹಾರ ಕೇಳದಿದ್ದರೆ ಶುಲ್ಕ 1000 ರೂ. ಉಳಿದ ದಾಖಲೆ ಆಮೇಲೆ ಸೇರಿಸಲು ಅವಕಾಶ ಕೇಳಿ. ವರದಿಯ ದತ್ತಾಂಶ ಯಾವ ತಿಂಗಳದ್ದು ನೋಡಿ: ಮಾರ್ಚ್‌ನಿಂದ ಮೇ ಆಗಿದ್ದರೆ ಮಳೆಗಾಲದಲ್ಲಿ ಗಣಿಮಣ್ಣು ಯಾವ ಗದ್ದೆಗೆ ಇಳಿಯುತ್ತದೆ ಅನ್ನುವುದನ್ನು ಯಾರೂ ಅಳೆದಿಲ್ಲ.

ಶ್ರೀಲಂಕಾದ ಮಾತು ಅರ್ಧ ಸತ್ಯ. ಅಲ್ಲಿ ಕಾಯ್ದೆಯ ಮೇಲ್ಮನವಿ ಇರುವುದು ಅನುಮತಿ ಸಿಗದ ಯೋಜನೆಯವರಿಗೆ. ಊರವರು ರಿಟ್ ಹಾಕಬೇಕು, ಅಲ್ಲೂ ತಡ ಮಾಡಿದರೆ ಪೆಟ್ಟು. ಅವರಿಗೆ ಅನುಕೂಲ ಇರುವುದು ಮೊದಲ ಹಂತದಲ್ಲಿ. ಇಐಎ ವರದಿ 30 ಕೆಲಸದ ದಿನ ಸಾರ್ವಜನಿಕರ ಮುಂದಿರುತ್ತದೆ. ನಮ್ಮ ಸಭೆಯ ನೋಟಿಸ್ 30 ದಿನದ್ದು, ಭಾನುವಾರ, ಹಬ್ಬ ಎಲ್ಲ ಸೇರಿ.

ನಾಗೇಶ: ಎಲ್ಲರಿಗಿಂತ ನೇಪಾಳ ವಾಸಿ. 2019ರ ಕಾಯ್ದೆ ಪ್ರಕಾರ ಇಐಎ ಒಪ್ಪಿಗೆ ಇಲ್ಲದೆ ಕೆಲಸ ಶುರು ಮಾಡಿದರೆ 50 ಲಕ್ಷದವರೆಗೆ ದಂಡ.

ದಿವ್ಯಾ: ನೇಪಾಳಿ ರೂಪಾಯಿ ಸಾರ್. ನೂರಾರು ಕೋಟಿಯ ಡ್ಯಾಮಿಗೆ ಅದು ಕಾಫಿ ಖರ್ಚು.

ನಾಗೇಶ: ವರದಿ ನೇಪಾಳಿ ಭಾಷೆಯಲ್ಲೇ ಇರುತ್ತೆ. ನಮ್ಮಲ್ಲಿ ಕನ್ನಡಕ್ಕೆ ಸಾರಾಂಶ ಮಾತ್ರ. ಅದಕ್ಕೇನಂತೀರಿ?

ದಿವ್ಯಾ: ದಂಡದ ಮಾತಿಗೆ ಭಾಷೆ ತಂದಿರಿ. ಮುಂದೆ?

ನಾಗೇಶ: ಮುಂದೆ ನೀವೇ ಕ್ಲಾಸ್ ತಗೊಳ್ಳಿ.

ಅನಿತಾ: ಬಾಂಗ್ಲಾದೇಶದ 2023ರ ನಿಯಮದಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತಿದೆಯಲ್ಲ, ಇಟ್ಟಿಗೆ ಭಟ್ಟಿ ಯಾವುದರಲ್ಲಿ ಬರುತ್ತೆ?

ರಮೇಶ್: ಸಭೆಗೆ ಕನಿಷ್ಠ ಎಷ್ಟು ಸಹಿ ಬೇಕು ಮೇಡಂ?

ವಸುಧಾ: ಮೇಲೆ ಓದಿ.

ಮಂಜುನಾಥ: ಆದರೆ ಇದು ಮೂರು ಗುಂಪಲ್ಲಿ ಬಂದಿದೆಯಲ್ಲ?

ವಸುಧಾ: ಮೂವತ್ತರಲ್ಲಿ ಬರಲಿ. ಅಧಿಸೂಚನೆಯ ನಾಲ್ಕನೇ ಅನುಬಂಧ ತೆಗೆದು ಓದಿ, ಕೋರಂ ಬೇಡ ಅಂತಲೇ ಬರೆದಿದೆ.

ನಾಗೇಶ: ದಿವ್ಯಾ ಅವರು ನೇಪಾಳದ ಕಾಯ್ದೆ ಓದಿದ್ದಾರಾ, ಅಷ್ಟು ಹೇಳಲಿ.

ವಸುಧಾ: ನಿಮ್ಮಿಬ್ಬರ ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಶೈಲಜಾ, ಪೇಪರ್ ಜಾಹೀರಾತಿನ ದಿನಾಂಕ ಸಿಕ್ಕಿತಾ? ಇವತ್ತಿಗೆ 69.