ಹಳೆಯ ಅಂಬಾಸಿಡರ್‌ನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಲು ಬರುತ್ತಿಲ್ಲ, ಏನು ಮಾಡಬಹುದು?

ಪ್ರಶ್ನೆ (ಉಡುಪಿಯಿಂದ)

ಮಾನ್ಯರೇ, ನಮ್ಮ ತಂದೆಯವರ 1986ರ ಅಂಬಾಸಿಡರ್ ಇನ್ನೂ ಮನೆಯಲ್ಲಿದೆ. ಎಂಜಿನ್ ಹಳೆಯ 1489 ಸಿಸಿಯ ಪೆಟ್ರೋಲ್. ಬೆಳಗ್ಗೆ ಚಾಲೂ ಮಾಡಿದ ಕೂಡಲೇ ಬಾನೆಟ್ಟಿನೊಳಗಿಂದ ‘ಚಫ್ ಚಫ್’ ಎಂಬ ಸದ್ದು ಬರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಪೈಪಿಗೆ ಸಾಗಿಸುವ ಭಾಗ) ಕೊನೆಯ ಪೋರ್ಟಿನ, ಅಂದರೆ ಹೊಗೆ ಬರುವ ರಂಧ್ರದ, ಕೆಳಗೆ ಮಸಿ ಹಿಡಿದಿರುವುದನ್ನು ನೋಡಿದರೆ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ಹಾಳೆ) ಸುಟ್ಟಿರುವುದು ಖಚಿತ. ಆದರೆ ಕಡಲ ಗಾಳಿಗೆ ನಟ್ಟುಗಳು ತುಕ್ಕಿನ ಉಂಡೆಗಳಂತಾಗಿವೆ. 13 ಎಂಎಂ ರಿಂಗ್ ಸ್ಪ್ಯಾನರ್ ಹಾಕಿ ತಿರುಗಿಸಿದಾಗ ಒಂದು ನಟ್ಟಿನ ಮೂಲೆಗಳೇ ಸವೆದುಹೋದವು. ಕೆಳಗೆ ಡೌನ್‌ಪೈಪ್ (ಹೊಗೆ ಕೆಳಗಿಳಿಯುವ ಪೈಪ್) ಸೇರುವ ಫ್ಲ್ಯಾಂಜಿನ (ಜೋಡಣೆಯ ಅಂಚಿನ) ನಟ್ಟುಗಳು ಅಲುಗಾಡುವ ಮಾತೇ ಇಲ್ಲ. ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸದೆ ಈ ಕೆಲಸ ಮುಗಿಸಬಹುದೇ?

ಉತ್ತರ (ಹುಬ್ಬಳ್ಳಿಯಿಂದ)

ಮೊದಲು ಆ 13 ಎಂಎಂ ಸ್ಪ್ಯಾನರನ್ನು ಪೆಟ್ಟಿಗೆಯೊಳಗೆ ಇಡಿ. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಎಂಜಿನ್, ಅಳತೆಯೆಲ್ಲ ಇಂಚಿನದು. ಮ್ಯಾನಿಫೋಲ್ಡಿನ ನಟ್ಟಿಗೆ ಬೇಕಾದದ್ದು ಅರ್ಧ ಇಂಚಿನ, ಅಂದರೆ 12.7 ಎಂಎಂನ ಸ್ಪ್ಯಾನರ್. 0.3 ಎಂಎಂ ಸಡಿಲು ಹೊಸ ನಟ್ಟಿಗೆ ನಡೆದೀತು, ತುಕ್ಕು ತಿಂದ ನಟ್ಟಿಗೆ ಅದೇ ಯಮ. ಹಿಂದೆ ಯಾರಾದರೂ ಬೇರೆ ನಟ್ಟು ಹಾಕಿರಲೂಬಹುದಾದ್ದರಿಂದ ತಂತಿ ಬ್ರಷ್ಷಿನಿಂದ ಉಜ್ಜಿ, ಅಳೆದು, ಆರು ಮೂಲೆಯ ಸಾಕೆಟ್ಟನ್ನೇ ಕೂರಿಸಿ.

ಎರಡನೆಯದಾಗಿ, ಯಾವುದನ್ನು ಕಳೆದುಕೊಳ್ಳಲು ಸಿದ್ಧರಿದ್ದೀರಿ ಎಂದು ಈಗಲೇ ತೀರ್ಮಾನಿಸಿ. ನಟ್ಟು ಹೋಗಲಿ, ಪೈಪೂ ಹೋಗಲಿ, ಸ್ಟಡ್ (ನಟ್ಟು ಕೂರುವ ಎಳೆಯುಳ್ಳ ಸರಳು) ಉಳಿಯಲಿ. ಹೇಗೂ ಡೌನ್‌ಪೈಪ್ ಹೊಸದು ಹಾಕುವುದಾದರೆ ಫ್ಲ್ಯಾಂಜಿನ ನಟ್ಟುಗಳೊಂದಿಗೆ ಕಾರಿನಡಿ ಮಲಗಿ ಗುದ್ದಾಡಬೇಡಿ. ಫ್ಲ್ಯಾಂಜಿನ ಕೆಳಗೆ ಹ್ಯಾಕ್ಸಾದಿಂದ ಪೈಪನ್ನು ಕೊಯ್ದು, ತುಂಡಿನ ಸಮೇತ ಮ್ಯಾನಿಫೋಲ್ಡನ್ನು ಹೊರತೆಗೆದು, ಮೇಜಿನ ಮೇಲೆ ವೈಸಿಗೆ ಕಚ್ಚಿಸಿ ನಿಧಾನವಾಗಿ ಬಿಚ್ಚಿ.

ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿರುವ ನಟ್ಟುಗಳಿಗೆ ಮೂರು ದಿನ ಬೆಳಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ಟಡ್ಡಿನ ತುದಿಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಿರಿ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ; ಕಾಲು ಸುತ್ತು ಹಿಂದೆ, ಅಷ್ಟೇ ಮುಂದೆ. ನಟ್ಟು ‘ಕಿರ್ರ್’ ಎಂದರೆ ಒಳ್ಳೆಯ ಲಕ್ಷಣ. ಸದ್ದೇ ಇಲ್ಲದೆ ಮೆತ್ತಗೆ ತಿರುಗಿತೋ, ಸ್ಟಡ್ ತಿರುಚಿಕೊಳ್ಳುತ್ತಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಿ.

ಉತ್ತರ (ಮೈಸೂರಿನಿಂದ)

ಮೇಲಿನವರ ಮಾತು ಸರಿ, ಆದರೆ ಕರಾವಳಿಯ ತುಕ್ಕಿಗೆ ಎಣ್ಣೆಯೊಂದೇ ಸಾಲದು, ಬೆಂಕಿ ಬೇಕು. ಹೆಡ್ ಎರಕದ ಕಬ್ಬಿಣದ್ದಾದ್ದರಿಂದ ಶಾಖಕ್ಕೆ ಹೆದರಬೇಕಿಲ್ಲ. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಮಿಶ್ರಣ ಒಯ್ಯುವ ಭಾಗ) ಅಲ್ಯೂಮಿನಿಯಂನದಾಗಿದ್ದರೆ ಮಾತ್ರ ಜ್ವಾಲೆ ಅದರ ಕಡೆ ಹಾಯಬಾರದು. ಕಾರ್ಬುರೇಟರ್ ಮತ್ತು ಪೆಟ್ರೋಲ್ ಪೈಪುಗಳನ್ನು ಕಳಚಿ ದೂರ ಇಟ್ಟ ನಂತರವೇ ಗ್ಯಾಸ್ ಹಚ್ಚಿ. ಎಣ್ಣೆ ಹಾಕಿದ್ದರೆ ಅದನ್ನೂ ಒರೆಸಿಬಿಡಿ, ಹೊತ್ತಿಕೊಳ್ಳುತ್ತದೆ. ಬಿಸಿ ಮಾಡಬೇಕಾದದ್ದು ನಟ್ಟನ್ನೇ ಹೊರತು ಸ್ಟಡ್ಡನ್ನಲ್ಲ. ಜ್ವಾಲೆ ಆರಿಸಿ, ಸ್ವಲ್ಪ ತಣಿದ ಮೇಲೆ ಎಳೆಗಳಿಗೆ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಒಳಕ್ಕೆ ಎಳೆದುಕೊಳ್ಳುತ್ತದೆ. ಮೂಲೆ ಸವೆದ ಆ ನಟ್ಟನ್ನು ಉಳಿಯಿಂದ ಸೀಳುವುದೇ ಲೇಸು.

ಇನ್ನೊಂದು ಮಾತು: ಆ ಕಾಲದ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಒಣಗಿದ್ದಾಗ ಕೆರೆದು ಧೂಳೆಬ್ಬಿಸಬೇಡಿ, ನೀರು ಚಿಮುಕಿಸಿ ತೆಗೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಪೈಪ್ ಕೊಯ್ದದ್ದರಿಂದ ಅರ್ಧ ಕೆಲಸ ತಪ್ಪಿತು. ಒಂದು ಸ್ಟಡ್ ಮಾತ್ರ ತುಂಡಾಯಿತು. ಬೆರಳಿನ ಅಗಲದಷ್ಟು ಹೊರಗೆ ಉಳಿದಿದ್ದರಿಂದ ಅದರ ಮೇಲೆ ನಟ್ಟು ಕೂರಿಸಿ ವೆಲ್ಡ್ ಮಾಡಿಸಿದೆವು, ಅದು ಕೆಂಪಗಿರುವಾಗಲೇ ತಿರುಗಿಸಿದಾಗ ಬೆಣ್ಣೆಯಲ್ಲಿನ ಕೂದಲಿನಂತೆ ಬಂದಿತು. ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಅಳತೆಪಟ್ಟಿ ಇಟ್ಟು ನೋಡಿದರೆ ಕೊನೆಯ ಪೋರ್ಟಿನಲ್ಲಿ ಬೆಳಕು ಕಾಣುತ್ತದೆ. ಲೇತ್ ಅಂಗಡಿಯವರು ಮುಖ ಸಮ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ, ಕೊಡಬಹುದೇ?

ಉತ್ತರ (ಹುಬ್ಬಳ್ಳಿಯಿಂದ)

ಕೊಡಿ, ಆದರೆ ಇನ್‌ಟೇಕ್ ಮ್ಯಾನಿಫೋಲ್ಡನ್ನೂ ಜೊತೆಗೆ ಒಯ್ಯಿರಿ. ಈ ಎಂಜಿನ್ನಿನಲ್ಲಿ ಎರಡೂ ಒಂದೇ ಬದಿಗಿದ್ದು, ಅಕ್ಕಪಕ್ಕದ ಎರಡು ಫ್ಲ್ಯಾಂಜುಗಳನ್ನು ಒಂದೇ ದಪ್ಪ ವಾಷರ್ ಒತ್ತಿಹಿಡಿಯುತ್ತದೆ. ಎಕ್ಸಾಸ್ಟಿನ ಮುಖವನ್ನಷ್ಟೇ ತೆಗೆಸಿದರೆ ಅದರ ಫ್ಲ್ಯಾಂಜ್ ತೆಳುವಾಗಿ, ವಾಷರ್ ವಾಲಿ, ಒತ್ತಡವೆಲ್ಲ ಇನ್‌ಟೇಕಿನ ಮೇಲೆ ಬೀಳುತ್ತದೆ; ಹೊಸ ಗ್ಯಾಸ್ಕೆಟ್ ಹಾಕಿಯೂ ಅದೇ ಸದ್ದು ಕೇಳುತ್ತೀರಿ. ಎರಡೂ ಫ್ಲ್ಯಾಂಜುಗಳ ದಪ್ಪ ಸರಿಸಮ ಇರಬೇಕೆಂದು ಲೇತಿನವರಿಗೆ ಒತ್ತಿ ಹೇಳಿ. ಜೋಡಿಸುವಾಗ ಹಿತ್ತಾಳೆಯ ನಟ್ಟು ಹಾಕಿ, ಕಬ್ಬಿಣದ ಸ್ಟಡ್ಡಿಗೆ ಅದು ತುಕ್ಕಿನಿಂದ ಅಂಟಿಕೊಳ್ಳುವುದಿಲ್ಲ. ನಡುವಿನಿಂದ ಎರಡೂ ತುದಿಗಳ ಕಡೆಗೆ ಬಿಗಿಯುತ್ತ ಹೋಗಿ, ಎರಡು ದಿನ ಓಡಿಸಿದ ಮೇಲೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.